ಅವ್ವನ ಸೆರಗಿನ ಗಂಟು



ನಮ್ಮವ್ವ ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಾಗ ಹದಿನಾಲ್ಕು ವರ್ಷ ಕಲ್ಲು ಹೊತ್ತಾಕಿ. ಮಣಕಾಲ ಬ್ಯಾನಿಗೆ ಹುನಗುಂದ ಕಡೆಯ ಒಬ್ಬ ‘ಡಾಕ್ಟರು’ (ಏನು ಓದ್ಯಾರ ಅಂತ ನಮ್ಮ ಕೇರಿಯಾಗ ಯಾರೂ ಕೇಳಿಲ್ಲ) ಕಾಗದದಾಗ ಸುತ್ತಿ ಬಿಡಿ ಗುಳಿಗಿ ಕೊಡ್ತಿದ್ರು. ಹೆಸರಿಲ್ಲ, ಚೀಟಿ ಇಲ್ಲ. ಮಣಕಾಲ ಮುಟ್ಟಿ ನೋಡಿದ್ದೂ ಇಲ್ಲ. ಆದ್ರ ನುಂಗಿದ ಮರುದಿನ ಅವ್ವ ಎದ್ದು ಕೆಲಸಕ್ಕ ಹೋಗ್ತಿದ್ಲು. ಒಂದು ದಿನ ತಪ್ಪಿದ್ರ ಆ ದಿನದ ಪಗಾರ ಇಲ್ಲ.

ಎರಡು ವರ್ಷದಾಗ ಮಾರಿ ದುಂಡಗಾತು, ಹೊಟ್ಟಿ ಬಂತು, ಕೈಕಾಲು ಮಾತ್ರ ಸಣ್ಣಾದವು. ‘ಉಂಡು ಉಂಡು ದಪ್ಪಾಗ್ಯಾಳ’ ಅಂತ ಮಂದಿ ನಕ್ಕರು. ನಾನೂ ನಕ್ಕಿದ್ದೆ.

ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಕಡಿಮೆ ಬಂತು. ಒಬ್ಬರು ರಿಪೋರ್ಟಿನಿಂದ ತಲಿ ಎತ್ತದ ‘ಥೈರಾಯ್ಡ್ ಜಾಸ್ತಿ ಆಗೈತಿ’ ಅಂದ್ರು. ಅವ್ವ ಕೇಳಿದ್ಲು: ‘ಬಾದಾಮಿಗೆ ಕೊಟ್ಟ ನನ್ನ ತಂಗಿಗೂ ಅದ ಐತ್ರಿ ಸಾಹೇಬ್ರ, ಆಕಿ ಒಣಗಿ ಕಡ್ಡಿ ಆಗ್ಯಾಳ. ನಾ ಯಾಕ ಊದೇನಿ?’

ಉತ್ತರ ಬರಲಿಲ್ಲ.

ಬಾಗಲಕೋಟೆಯಲ್ಲಿ ಒಬ್ಬ ಡಾಕ್ಟರಮ್ಮ ರಿಪೋರ್ಟ್ ಬದಿಗಿಟ್ಟು, ‘ಏನೇನ್ ಗುಳಿಗಿ ತಗೋತಿಯಬೇ?’ ಅಂದ್ರು. ಅವ್ವ ಸೆರಗಿನ ಗಂಟು ಬಿಚ್ಚಿದಳು. ಸ್ಟೀರಾಯ್ಡ್!

ಆಗ ತಿಳೀತು. ನಮ್ಮ ಮೈಯೊಳಗೆ ಕಾರ್ಟಿಸಾಲ್ ಅಂತ ಹಾರ್ಮೋನು ಇರುತ್ತದೆ. ಸ್ಟೀರಾಯ್ಡ್ ಅದರದೇ ಕೆಲಸ ಮಾಡುತ್ತದೆ. ಅದು ವಿಪರೀತವಾದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಟಿ4 ಎಂಬುದು ಮೈಗೆ ಬೇಕಾದ ಟಿ3 ಆಗುವುದೂ ತಗ್ಗುತ್ತದೆ. ಅಂದರೆ ಅವ್ವನ ಥೈರಾಯ್ಡ್ ಗ್ರಂಥಿಯಲ್ಲಿ ರೋಗವೇ ಇರಲಿಲ್ಲ. ಅದನ್ನು ಯಾರೋ ಮೇಲಿಂದ ಅದುಮಿ ಹಿಡಿದಿದ್ದರು, ಅಷ್ಟೇ. (ಇದನ್ನ ನಮಗ ಬಿಡಿಸಿ ಹೇಳಬೇಕಾ?) ದುಂಡು ಮಾರಿಯ ಈ ಕಾಯಿಲೆಯನ್ನು ಹಾರ್ವೆ ಕುಶಿಂಗ್ 1932ರಲ್ಲೇ ಬರೆದಿಟ್ಟಿದ್ದಾನೆ.

ಸಿಟ್ಟಿಗೆದ್ದು ಗುಳಿಗಿ ಬೀಸಾಕಾಕ ಹೋದೆ. ಡಾಕ್ಟರಮ್ಮ ತಡೆದರು. ಬಹಳ ದಿನ ನುಂಗಿದವರಲ್ಲಿ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಜೀವ ಹೋಗಬಹುದು. ಈ ಹೊತ್ತಲ್ಲಿ ತಿಳಿಯದೆ ಥೈರಾಯ್ಡ್ ಗುಳಿಗಿ ಕೊಟ್ಟರೂ ಅಪಾಯ. ಅದಕ್ಕ ದಯವಿಟ್ಟು, ಇದನ್ನ ಓದಿ ಯಾರೂ ಮನಿಯಾಗ ತಾವೇ ಗುಳಿಗಿ ಬಿಡಿಸಬ್ಯಾಡ್ರಿ. ಡಾಕ್ಟರ ಕಡೆ ಕರಕೊಂಡು ಹೋಗ್ರಿ.

ಅವ್ವಗ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರು. ಟಿಎಸ್‌ಎಚ್ ತಾನಾಗಿಯೇ ಸರಿಯಾಯಿತು. ಮಣಕಾಲ ಬ್ಯಾನಿ ಹಂಗ ಐತಿ. ಕೆಲಸ ಹೋತು.

ಮೊನ್ನೆ ಇಳಕಲ್ಲಿಂದ ಅತ್ತಿ ಬಂದಿದ್ಲು. ಮಾರಿ ದುಂಡಗ ಉಬ್ಬಿತ್ತು. ಅವ್ವ ನೀರು ಕೊಡೂಕಿಂತ ಮೊದಲ ಅಂದ್ಲು: ‘ಸೆರಗಿನ ಗಂಟ ಬಿಚ್ಚು, ನೋಡೂಣು.’