ಪುಸ್ತಕವಿಲ್ಲದ ಲೈಬ್ರರಿ

‘ಲೈಬ್ರರಿ’ ಎಂದೊಡನೆ ನಮ್ಮ ಕಾಲೇಜಿನವರ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ಉದ್ದನೆಯ ಮೇಜು, ಬೀಗ ಹಾಕಿದ ಬೀರುಗಳು, ‘ಮೌನ’ ಎಂದು ಬರೆದ ಹಲಗೆ, ಅದರ ಕೆಳಗೆ ಕುಳಿತು ಮೌನವನ್ನು ಮುರಿಯುತ್ತಿರುವ ನಾವು. ಕಂಪ್ಯೂಟರಿನವರ ಪ್ರಪಂಚದಲ್ಲಿ ಲೈಬ್ರರಿ ಎಂದರೆ ಬೇರೆಯೇ ವಸ್ತು. ಅಲ್ಲಿ ಪುಸ್ತಕವಿಲ್ಲ, ಬೀರುವಿಲ್ಲ, ತಡವಾದರೆ ದಂಡ ಹಾಕುವವರೂ ಇಲ್ಲ. ಒಮ್ಮೆ ಬರೆದಿಟ್ಟ ಕೆಲಸದ ಕ್ರಮಗಳನ್ನು ನೂರಾರು ಮಂದಿ ತಮ್ಮ ತಮ್ಮ ತಂತ್ರಾಂಶಗಳಿಗೆ ಎರವಲು ಪಡೆಯಲು ಅನುವಾಗುವಂತೆ ಕಟ್ಟಿಟ್ಟ ಗಂಟಿಗೆ ಅಲ್ಲಿ ಆ ಹೆಸರು. ಎರವಲಿನ ಮಟ್ಟಿಗೆ ಹೆಸರು ಸಾರ್ಥಕವೇ. ಹಿಂದಿರುಗಿಸಬೇಕಾಗಿಲ್ಲ ಎಂಬುದೊಂದೇ ವ್ಯತ್ಯಾಸ.

ಇತಿಹಾಸ, ಕನ್ನಡಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಈ ಗಂಟಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನನ್ನ ತಂದೆಯವರ ಕಸುಬಿನಲ್ಲಿದೆ. ಅವರು ಗಾರೆ ಕೆಲಸದವರು. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಮೆ. ‘ಮೇಸ್ತ್ರಿ’ ಎಂದರೆ ಅವರೇ. ಕಳೆದ ವರ್ಷ ಒಂದು ಕಚೇರಿಯಿಂದ ಅವರಿಗೊಂದು ಗುರುತಿನ ಪತ್ರ ಬಂದಿತು. ಅದರಲ್ಲಿ ಕಸುಬು ಎಂಬಲ್ಲಿ ‘ಮೇಸ್‌ತ್‌ರಿ’ ಎಂದು ಅಚ್ಚಾಗಿತ್ತು. ಅಪ್ಪ ಓದಿದ್ದು ಮೂರನೆಯ ತರಗತಿ. ಅಕ್ಷರ ಕೂಡಿಸಿಕೊಂಡು ಓದಬಲ್ಲರು. ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದೇನ್ಲಾ ಮಗ, ಗೋಡೆ ಎಬ್ಬಿಸೋನ ಹೆಸರನ್ನೇ ಹಿಂಗೆ ಕೆಡವವ್ರೆ?” ಎಂದರು. ನಾನು ನಕ್ಕೆ, ಅವರು ನಗಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಅಚ್ಚಾದ ಕಾಗದದ ಮೇಲಿನ ಪ್ರಶ್ನೆಗಳೆಲ್ಲ ನನ್ನ ಪಾಲಿಗೆ ಬರುತ್ತವೆ. “ಯಾಕೆ ಹಿಂಗಾಯ್ತು?” ಎಂದು ಕೇಳಿದ ಮೇಲೆ ಉತ್ತರ ಹುಡುಕಲೇಬೇಕಾಯಿತು.

ಸಂಗತಿ ಇಷ್ಟು. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆಂದು 128 ಮನೆಗಳ ಒಂದು ಸಾಲು ಇದೆ. ಅಲ್ಲಿ ಸ ಇದೆ, ತ ಇದೆ, ರ ಇದೆ, ಅರ್ಧಾಕ್ಷರದ ಚಿಹ್ನೆ ಇದೆ. ಆದರೆ ‘ಸ್ತ್ರಿ’ ಇಲ್ಲ. ‘ಮೇಸ್ತ್ರಿ’ ಎಂಬುದನ್ನು ಯಂತ್ರ ಎಂಟು ತುಂಡುಗಳಾಗಿ ಒಂದರ ಹಿಂದೊಂದು ಇಟ್ಟುಕೊಳ್ಳುತ್ತದೆ: ಮ, ಏಕಾರ, ಸ, ಅರ್ಧಚಿಹ್ನೆ, ತ, ಅರ್ಧಚಿಹ್ನೆ, ರ, ಇಕಾರ. ತೋರಿಸುವ ಹೊತ್ತಿಗೆ ಯಾರಾದರೂ ಇವನ್ನು ಕೂಡಿಸಬೇಕು. ತಕಾರ ರಕಾರಗಳು ಒತ್ತಾಗಿ ಕೆಳಗಿಳಿಯಬೇಕು. ಕೊನೆಯಲ್ಲಿ ಬಂದ ಇಕಾರ ಹಿಂದಕ್ಕೆ ನಡೆದು ಸಕಾರದ ತಲೆಯನ್ನೇರಬೇಕು. ‘ಧರ್ಮ’ದಲ್ಲಿಯಾದರೋ ಮೊದಲು ಬಂದ ರಕಾರ, ಮಕಾರಕ್ಕೆ ದಾರಿ ಬಿಟ್ಟು, ಅದರ ಹಿಂದೆ ಅರ್ಕಾವೊತ್ತಾಗಿ ನಿಲ್ಲಬೇಕು. ಇಂಗ್ಲಿಷಿನ ಅಕ್ಷರಗಳಿಗೆ ಈ ತೊಂದರೆಯಿಲ್ಲ. ಸಾಲಾಗಿ ನಿಲ್ಲಿಸಿದರೆ ಸಾಕು, ಬಹುಮಟ್ಟಿಗೆ ಕೆಲಸ ಮುಗಿಯಿತು.

ಕೂಡಿಸುವ ಈ ಕೆಲಸಕ್ಕೆಂದೇ ಇರುವ ಒಂದು ಲೈಬ್ರರಿ ‘ಹಾರ್ಫ್‌ಬಝ್’. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನು ಬಳಸುತ್ತವೆ. ಇಂದಿನ ರೂಪದಲ್ಲಿ ಅದನ್ನು ಮುಖ್ಯವಾಗಿ ಬರೆದವರು ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಹಬೋದ್. ಪಾರಸಿಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಝ್’ ಎಂದರೆ ತೆರೆದದ್ದು. ‘ಓಪನ್‌ಟೈಪ್’ ಎಂಬ ಫಾಂಟುಗಳ ಪದ್ಧತಿಯ ಹೆಸರನ್ನೇ ಅವರು ತಮ್ಮ ನುಡಿಗೆ ತಿರುಗಿಸಿದ್ದಾರೆ. ಇದರ ಮೂಲಬರಹ ಯಾರಿಗೆ ಬೇಕಾದರೂ ಕಾಸಿಲ್ಲದೆ ದೊರೆಯುತ್ತದೆ. ಅಪ್ಪ ಕೊಡಿಸಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ನಾನೇ ಕಟ್ಟಿ ನೋಡೋಣವೆಂದು ಹೊರಟೆ.

ಮೂಲಬರಹವಿದ್ದ ಮಾತ್ರಕ್ಕೆ ಲೈಬ್ರರಿ ಆಗುವುದಿಲ್ಲ. ಇಟ್ಟಿಗೆಯ ರಾಶಿ ಮನೆಯಾದೀತೆ? ಗೋಡೆ ಏಳುವ ಮುನ್ನ ಮರಳು ಜರಡಿ ಹಿಡಿಯಬೇಕು, ಇಟ್ಟಿಗೆ ನೆನೆಸಬೇಕು, ದಾರ ಕಟ್ಟಬೇಕು, ರಸಮಟ್ಟ ಇಟ್ಟು ನೋಡಬೇಕು. ಇಲ್ಲಿ ಆ ದಾರ, ರಸಮಟ್ಟಗಳ ಕೆಲಸ ಮಾಡುವವು ಪ್ರಾಜೆಕ್ಟ್ ಫೈಲುಗಳು. ಯಾವ ಫೈಲುಗಳನ್ನು ಸೇರಿಸಬೇಕು, ಯಾವ ಕ್ರಮದಲ್ಲಿ, ಬೇರೆ ಯಾವ ಲೈಬ್ರರಿಗಳ ನೆರವು ಬೇಕು ಎಂಬುದನ್ನೆಲ್ಲ ಅವು ಹೇಳುತ್ತವೆ. ಈ ಜಾತಿಯ ಫೈಲುಗಳಿಗೆ ಹಿರಿಯಣ್ಣ ‘ಮೇಕ್’. 1976ರಲ್ಲಿ ಬೆಲ್ ಲ್ಯಾಬ್ಸಿನ ಸ್ಟೂಅರ್ಟ್ ಫೆಲ್ಡ್‌ಮನ್ ಬರೆದದ್ದು. ಅದರಲ್ಲಿ ಅಪ್ಪಣೆಯ ಸಾಲುಗಳ ಮುಂದೆ ಟ್ಯಾಬ್ ಇರಲೇಬೇಕು. ಇದು ತೊಡಕೆಂದು ಅವರಿಗೆ ಬೇಗನೆ ತಿಳಿಯಿತಂತೆ. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಬಳಸತೊಡಗಿದ್ದರು, ಅವರಿಗೇಕೆ ತೊಂದರೆ ಎಂದು ಹಾಗೆಯೇ ಬಿಟ್ಟರು. ಆ ಹತ್ತು ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಇಡೀ ಜಗತ್ತು ಈಗಲೂ ಟ್ಯಾಬ್ ಒತ್ತುತ್ತಿದೆ!

ಹಾರ್ಫ್‌ಬಝ್‌ನವರು ಬಳಸುವುದು ‘ಮೆಸಾನ್’ ಎಂಬ ಹೊಸ ಉಪಕರಣ; ಫಿನ್ಲೆಂಡಿನ ಯುಸ್ಸಿ ಪಕ್ಕನೆನ್ 2013ರಲ್ಲಿ ಹೊರತಂದದ್ದು. ಮೆಸಾನ್ ಸ್ವತಃ ಕಟ್ಟುವುದಿಲ್ಲ. ಯಂತ್ರದಲ್ಲಿ ಏನಿದೆ ಏನಿಲ್ಲ ಎಂದು ಲೆಕ್ಕ ಹಾಕಿ, ನಕ್ಷೆ ಬರೆದು ‘ನಿಂಜಾ’ ಎಂಬ ಆಳಿಗೆ ಕೊಡುತ್ತದೆ. ಮೂಲಬರಹದ ಫೋಲ್ಡರಿನಲ್ಲೇ ಕಟ್ಟಲು ಅದು ಒಪ್ಪದು. ಬೇರೆ ಫೋಲ್ಡರು ಬೇಕು. ಗಾರೆ ಕಲಸುವ ಜಾಗ ಬೇರೆ, ಮನೆಯ ನಡುಮನೆ ಬೇರೆ ಎನ್ನುವ ಮೇಸ್ತ್ರಿಯ ಮಗನಿಗೆ ಈ ನಿಯಮ ಹಿತವೆನಿಸಿತು.

ಉಬುಂಟುವಿನಲ್ಲಿ ಸಿ ಪ್ಲಸ್ ಪ್ಲಸ್ ಕಂಪೈಲರನ್ನೂ ಮೆಸಾನನ್ನೂ ನಿಂಜಾವನ್ನೂ ಇಳಿಸಿಕೊಂಡು ಅಪ್ಪಣೆ ಕೊಟ್ಟೆ. ಮೆಸಾನ್ ಒಂದು ಪಟ್ಟಿ ಒಪ್ಪಿಸಿತು: ಫ್ರೀಟೈಪ್ ಇಲ್ಲ, ಜಿಲಿಬ್ ಇಲ್ಲ, ಕೈರೋ ಇಲ್ಲ. ವಿಚಿತ್ರವೆಂದರೆ ಮೂರೂ ಯಂತ್ರದಲ್ಲಿದ್ದವು! ಇದ್ದದ್ದು ಬಳಸುವವನಿಗೆ, ಕಟ್ಟುವವನಿಗೆ ಹೆಡರ್ ಫೈಲುಗಳು ಬೇಕು, ಅವು ಬೇರೆ ಪೊಟ್ಟಣದಲ್ಲಿರುತ್ತವೆ. ಮನೆಯಲ್ಲಿ ವಾಸಿಸುವವನಿಗೆ ನಕ್ಷೆ ಬೇಕಿಲ್ಲ, ಕೋಣೆ ಸೇರಿಸುವವನಿಗೆ ಬೇಕು, ಹಾಗೆ. ಅವನ್ನು ತಂದ ಮೇಲೆ ಪಟ್ಟಿ ಬದಲಾಯಿತು, ನಿಂಜಾ ಓಡಿತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಮೊದಲ ಪಟ್ಟಿ. ಅದು ದೋಷವೆಂದು ಕೂಗಿರಲಿಲ್ಲ. ಪ್ರಾಜೆಕ್ಟ್ ಫೈಲಿನಲ್ಲಿ ಪ್ರತಿಯೊಂದು ನೆರವಿಗೂ ಮೂರು ಸ್ಥಿತಿಗಳು: ಬೇಕೇಬೇಕು, ಬೇಡ, ‘ಆಟೋ’. ಆಟೋ ಎಂದರೆ ‘ಇದ್ದರೆ ಸೇರಿಸು, ಇಲ್ಲದಿದ್ದರೆ ಮುಂದೆ ನಡೆ.’ ಕೈರೋ ಇಲ್ಲದಿದ್ದರೂ ಲೈಬ್ರರಿ ಆಗುತ್ತದೆ. ಅಕ್ಷರವನ್ನು ಚಿತ್ರವಾಗಿ ತೋರಿಸುವ ‘ಎಚ್‌ಬಿ-ವ್ಯೂ’ ಮಾತ್ರ ಹುಟ್ಟುವುದಿಲ್ಲ. ಇದೇ ಬಗೆ ಬೇರೆಡೆಯೂ ಇದೆ. ಪೈಥಾನಿನ ‘ಪಿಲ್ಲೋ’ ಎಂಬ ಚಿತ್ರಗಳ ಲೈಬ್ರರಿ ‘ರಾಕಮ್’ ಎಂಬ ಇನ್ನೊಂದರ ಮೂಲಕ ಹಾರ್ಫ್‌ಬಝ್‌ನ ನೆರವು ಪಡೆಯುತ್ತದೆ. ರಾಕಮ್ ಸಿಗದಿದ್ದರೆ ಅದು ನಿಲ್ಲುವುದಿಲ್ಲ. ಅಕ್ಷರಗಳನ್ನು ಸುಮ್ಮನೆ ಸಾಲಾಗಿ ನಿಲ್ಲಿಸಿಬಿಡುತ್ತದೆ. ಇಂಗ್ಲಿಷ್ ಮಾತ್ರ ಪರೀಕ್ಷಿಸಿದವನ ಕಣ್ಣಿಗೆ ಎಲ್ಲವೂ ನೆಟ್ಟಗಿರುತ್ತದೆ. ಒಡೆಯುವುದು ನಮ್ಮ ಒತ್ತಕ್ಷರ. ಅಪ್ಪನ ಪತ್ರ ಯಾವ ತಂತ್ರಾಂಶದಲ್ಲಿ ಅಚ್ಚಾಯಿತೋ ನಾನು ಬಲ್ಲೆನೆಂದು ಹೇಳಲಾರೆ. ಆದರೆ ಕೂಡಿಸುವ ಹೆಜ್ಜೆಯನ್ನು ಅದು ಬಿಟ್ಟಿತ್ತೆಂಬುದು ಕಾಗದದ ಮೇಲೆಯೇ ಕಾಣುತ್ತದೆ.

ಕಟ್ಟಿದ ಮೇಲೆ ನೋಟೋ ಕನ್ನಡ ಫಾಂಟನ್ನು ಕೊಟ್ಟು ‘ಮೇಸ್ತ್ರಿ’ ಎಂದು ಬರೆಸಿದೆ. ಒತ್ತುಗಳೆರಡೂ ಸಕಾರದಡಿಗೆ ಇಳಿದು, ಇಕಾರ ತಲೆಯೇರಿ, ಪದ ಇಡಿಯಾಗಿ ನಿಂತಿತು. ಅಪ್ಪನಿಗೆ ತೋರಿಸಿದೆ. “ಈಗ ನೆಟ್ಟಗದೆ” ಎಂದರು. ರಸಮಟ್ಟ ಇಟ್ಟು ನೋಡಿದ ಮೇಲೆ ಗೋಡೆಗೂ ಅವರು ಹೇಳುವುದು ಅಷ್ಟೇ. ಇನ್ನೊಮ್ಮೆ ನಿಂಜಾವನ್ನು ಓಡಿಸಿದರೆ, ಏನೂ ಬದಲಾಗಿಲ್ಲವಾದ್ದರಿಂದ, ‘ಮಾಡಲು ಕೆಲಸವಿಲ್ಲ’ ಎಂದಿತು. ಅದರ ಅರ್ಥ ಹೇಳಿದೆ. “ಕೆಲಸ ಇಲ್ಲ ಅಂದ್ರೆ ಅದಕ್ಕೆ ಖುಷೀನಾ?” ಎಂದು ಅಪ್ಪ ಆಶ್ಚರ್ಯಪಟ್ಟರು. ದಿನಗೂಲಿಯ ಮನೆಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ.

ಪತ್ರ ಇನ್ನೂ ತಿದ್ದುಪಡಿಯಾಗಿ ಬಂದಿಲ್ಲ. ಅರ್ಜಿ ಬರೆದು ಕೊಟ್ಟಿದ್ದೇನೆ. ಈ ಬಾರಿ ‘ತಪ್ಪಾಗಿದೆ’ ಎಂದಷ್ಟೇ ಬರೆಯದೆ, ಯಾವ ಹೆಜ್ಜೆ ತಪ್ಪಿದೆಯೆಂಬುದನ್ನೂ ಬರೆದಿದ್ದೇನೆ.

ಸಹಪಾಠಿಗಳಿಗೆ ಒಂದು ಮಾತು. ಹಾರ್ಫ್‌ಬಝ್‌ನ ಫೋಲ್ಡರುಗಳಲ್ಲಿ ಪರೀಕ್ಷೆಗಳಿಗೆಂದೇ ಒಂದು ಭಾಗವಿದೆ. ಅಲ್ಲಿ ಲೋಕದ ಅನೇಕ ಲಿಪಿಗಳ ಜೊತೆಗೆ ಕನ್ನಡವೂ ಇದೆ. ಬದಲಾವಣೆಯಾದಾಗಲೆಲ್ಲ ಆ ಪದಗಳು ಸರಿಯಾಗಿ ಕೂಡುತ್ತವೆಯೋ ಇಲ್ಲವೋ ಎಂದು ಯಂತ್ರ ತಾಳೆ ನೋಡುತ್ತದೆ. ತಾಳೆ ನೋಡುವುದು ಯಂತ್ರಕ್ಕೆ ಸುಲಭ. ಆದರೆ ಸರಿಯಾದ ರೂಪ ಇದೇ ಎಂದು ಮೊದಲು ಹೇಳಬೇಕಾದವನು ಕನ್ನಡ ಬಲ್ಲವನು. ಅದಕ್ಕೆ ಬೇಕಾದುದು ಅರ್ಕಾವೊತ್ತು ಎಲ್ಲಿ ನಿಲ್ಲುತ್ತದೆಂಬ ತಿಳಿವಳಿಕೆ. ಅದನ್ನು ನಾವು ಒಂದನೆಯ ತರಗತಿಯ ಸ್ಲೇಟಿನ ಮೇಲೆಯೇ ಕಲಿತಿದ್ದೇವೆ.