ಪರದೇಶದಲ್ಲಿ ಮಗಳ ಮನೆ

ಪ್ರಾಪ್ತವಯಸ್ಕರಾದ ಮಕ್ಕಳು ಪರದೇಶದಲ್ಲಿ ನೆಲಸಿದರೆ ತಾಯಿತಂದೆಗಳಿಗೆ ಹೆಮ್ಮೆಯೂ ವ್ಯಥೆಯೂ ಒಟ್ಟಿಗೆ ಒದಗುವುದು ಲೋಕರೂಢಿ. ದೂರವಾಣಿಯಲ್ಲಿ ಮುಖವನ್ನು ಕಂಡು ದಿನವೂ ಮಾತನಾಡಿದರೂ, ಮಗು ಹೊತ್ತಿಗೆ ಸರಿಯಾಗಿ ಉಂಡಿತೋ ಇಲ್ಲವೋ ಎಂಬ ಸಂದೇಹವು ತೀರದು. ಈ ಸಂದೇಹವನ್ನು ಕಳೆದುಕೊಳ್ಳಲೆಂದೇ ನಾವೂ ನಮ್ಮ ಗೃಹಿಣಿಯೂ ೨೦೨೪ನೆಯ ವರ್ಷದ ಬೇಸಗೆಯಲ್ಲಿ ಲಂಡನ್ನಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ನಮ್ಮ ಮಗಳು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ವೈದ್ಯಳಾಗಿರುವಳು.

ನೋಡತಕ್ಕ ಸ್ಥಳಗಳನ್ನು ನೋಡಿದೆವು. ಥೇಮ್ಸ್ ನದಿಯ ದಡದಲ್ಲಿ ೨೦೧೫ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ಕೈಮುಗಿದೆವು. ಕೋಲ್‌ಬ್ರೂಕ್ ಪಂಡಿತನು ೧೮೧೯ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಒಪ್ಪಿಸಿದ ಸಂಸ್ಕೃತ ಹಸ್ತಪ್ರತಿಗಳು ಈಗ ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆ ಕಟ್ಟಡದ ಮುಂದೆಯೂ ಕ್ಷಣಕಾಲ ನಿಂತೆವು. ಆದರೆ ನಾವು ಇಲ್ಲಿ ಬರೆಯಹೊರಟಿರುವುದು ಮನೆಯೊಳಗಿನ ಸಂಗತಿ.

ನಮ್ಮ ಮೈಸೂರಿನಲ್ಲಿ ಅತಿ ದೀರ್ಘವಾದ ಹಗಲು ಸುಮಾರು ೧೩ ಗಂಟೆಗಳದು. ಲಂಡನ್ ಉತ್ತರಕ್ಕೆ ಬಹುದೂರ, ೫೧ ಡಿಗ್ರಿ ಅಕ್ಷಾಂಶವನ್ನು ದಾಟಿ ಇರುವುದರಿಂದ, ಅಲ್ಲಿ ಜೂನ್ ತಿಂಗಳ ಹಗಲು ೧೬ ಗಂಟೆಗಳನ್ನು ಮೀರುವುದು. ಸೂರ್ಯಾಸ್ತವಾಗುವಾಗ ಗಡಿಯಾರದಲ್ಲಿ ೯ ದಾಟಿರುವುದು. ಸಂಧ್ಯಾವಂದನೆಗಾಗಿ ಕಾದು ಕುಳಿತಿರುವುದೂ ಮಗಳ ಬರವಿಗಾಗಿ ಕಾದು ಕುಳಿತಿರುವುದೂ ನಮಗೆ ಒಂದೇ ಆಯಿತು.

ಅವಳು ಎಂಟು ಗಂಟೆಯ ಹೊತ್ತಿಗೆ ದಣಿದು ಬರುವಳು. ಆದರೆ ನೇರವಾಗಿ ನಮ್ಮ ಬಾಗಿಲಿಗೆ ಬಾರದೆ ಪಕ್ಕದ ಮನೆಯ ಗಂಟೆಯನ್ನು ಒತ್ತುವಳು. ಅಲ್ಲಿ ಎಂಬತ್ತು ದಾಟಿದ ಆಂಗ್ಲ ವೃದ್ಧೆಯೊಬ್ಬರು ಒಂಟಿಯಾಗಿದ್ದರು. ಅವರ ಒಬ್ಬನೇ ಮಗನು ಆಸ್ಟ್ರೇಲಿಯಾದಲ್ಲಿದ್ದನು. ಮಗಳು ಅವರಿಗೆ ಹಾಲು, ರೊಟ್ಟಿಗಳನ್ನು ತಂದುಕೊಟ್ಟು, ಮಾತ್ರೆಗಳನ್ನು ನುಂಗಿಸಿ ಬರುವಳು.

ನಾಲ್ಕು ದಿನ ನೋಡಿದ ನಮ್ಮಾಕೆಯು ಒಂದು ರಾತ್ರಿ, "ಊರಿನಲ್ಲಿ ನನ್ನ ಮೊಣಕಾಲು ಹಿಡಿದುಕೊಂಡರೆ ಕೇಳುವವರಿಲ್ಲ, ಇವಳು ಇಲ್ಲಿ ಯಾರ ತಾಯಿಗೋ ಮಾತ್ರೆ ಕೊಡುತ್ತಾಳೆ" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ಮರುದಿನ ಮಗಳನ್ನೇ ಕೇಳಿಬಿಟ್ಟರು: "ಊರಿಗೆ ಯಾವಾಗ ಬಂದು ನೆಲಸುತ್ತೀಯೇ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಳ್ಳು ಹೇಳಲಾರೆನಮ್ಮ, ನನಗೇ ತಿಳಿಯದು. ನೀವು ಕರೆದಾಗ ಮಾತ್ರ ಓಡಿಬರುತ್ತೇನೆ" ಎಂದಳು. ಅದಕ್ಕಿಂತ ಹೆಚ್ಚಿನ ಮಾತನ್ನು ನಾವು ಆಡಿಸಲಿಲ್ಲ.

ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ತರಗತಿಯಲ್ಲಿ ಎಷ್ಟೋ ವರ್ಷ ವಿವರಿಸಿದವರು ನಾವು. ಪಿತೃಋಣವು ಸಂತಾನದಿಂದ ತೀರುವುದೆಂದು ಶಾಸ್ತ್ರ. ಹೆತ್ತವರಿಂದ ಪಡೆದುದನ್ನು ಹೆತ್ತವರ ಕೈಗೇ ಹಿಂದಿರುಗಿಸುವ ಸಾಲವಲ್ಲ ಅದು. ಮುಂದಿನವರಿಗೆ ಸಲ್ಲುತ್ತ ಹೋಗತಕ್ಕದ್ದು. ನಮ್ಮಿಂದ ಪಡೆದುದನ್ನು ಮಗಳು ನೆರೆಮನೆಯಲ್ಲಿ ಸಲ್ಲಿಸುತ್ತಿದ್ದುದನ್ನು ಕಂಡಾಗ ಆ ಮಾತಿನ ವಿಸ್ತಾರವು ನಮಗೆ ಪ್ರತ್ಯಕ್ಷವಾಯಿತು.

ನಮ್ಮಾಕೆಗೆ ಶಾಸ್ತ್ರ ಬೇಕಾಗಲಿಲ್ಲ. ಎರಡನೆಯ ವಾರದಲ್ಲಿ ಅವರೇ ತಿಳಿಸಾರನ್ನು ಬಟ್ಟಲಲ್ಲಿ ಹಿಡಿದು ಪಕ್ಕದ ಮನೆಗೆ ಹೋದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆ ವೃದ್ಧೆಯು ಮಗನ ಭಾವಚಿತ್ರವನ್ನು ತೋರಿಸಿದರಂತೆ. ಇವರು ಮಗಳ ಬಾಲ್ಯದ ಚಿತ್ರವನ್ನು ತೋರಿಸಿದರಂತೆ. ಹಿಂದಿರುಗಿದಾಗ ಇಬ್ಬರ ಬಟ್ಟಲೂ ಬದಲಾಗಿತ್ತು.

ಈಗ ಊರಿನಲ್ಲಿರುವೆವು. ನಮಗೆ ಔಷಧ ತಂದುಕೊಡುವವನು, ಮೊಣಕಾಲಿನ ನೋವಿಗೆ ನಮ್ಮಾಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯುವವನು, ಕಲಬುರಗಿಯ ಕಡೆಯಿಂದ ಓದಲು ಬಂದು ಎದುರು ಮನೆಯ ಕೋಣೆಯಲ್ಲಿರುವ ಒಬ್ಬ ಹುಡುಗ. ಅವನ ತಾಯಿಯನ್ನು ನಾವು ಕಂಡಿಲ್ಲ. ಹಬ್ಬದ ದಿನ ನಮ್ಮ ಮನೆಯಲ್ಲಿ ಅವನಿಗಾಗಿ ಒಂದು ಎಲೆ ಹೆಚ್ಚು ಹಾಕುವೆವು.