ಕ್ಯಾಮೆರಾ ಎಂಬ ಅಮಾನತು

ನಮ್ಮ ಕರಾವಳಿಯ ಮುಸ್ಲಿಮ್ ಮದುವೆ ಮನೆಗಳಲ್ಲಿ ಮದರಂಗಿಯ ರಾತ್ರಿ ಹೆಂಗಸರದ್ದೇ ಕಾರುಬಾರು. ಹಾಡು, ನಗು, ಮದುಮಗಳ ಸಿಂಗಾರ ಎಲ್ಲವೂ ಒಳಕೋಣೆಯಲ್ಲಿ. ಕ್ಯಾಮೆರಾ ಹಿಡಿದ ಗಂಡಸು ಬಾಗಿಲಲ್ಲಿ ಕಂಡರೆ ಸಾಕು, ಸೆರಗು ಮುಖಕ್ಕೆ ಬರುತ್ತದೆ, ಹಾಡು ನಿಲ್ಲುತ್ತದೆ. ಹೀಗಾಗಿ ಎಷ್ಟೋ ಹೆಣ್ಣುಮಕ್ಕಳ ಬಳಿ ತಮ್ಮ ಮದುವೆಯ ಒಂದು ಒಳ್ಳೆಯ ಚಿತ್ರವೂ ಇಲ್ಲ. ಈ ಕೆಲಸವನ್ನು ನಾವೇ ಮಾಡಬಾರದೇಕೆ ಎಂದು ಅಕ್ಕತಂಗಿಯರಾದ ನಾವು ಯೋಚಿಸಿದೆವು. ಉಮ್ಮ ಬೀಡಿ ಕಟ್ಟಿ ಉಳಿಸಿದ್ದ 35,000 ರೂಪಾಯಿಯನ್ನು ನಮ್ಮ ಕೈಗಿತ್ತರು. ಅದರಲ್ಲಿ ಒಂದು ರೂಪಾಯಿಯೂ ಪೋಲಾಗುವಂತಿರಲಿಲ್ಲ.

ವಿಚಾರಿಸಿದಲ್ಲೆಲ್ಲ ಮೆಗಾಪಿಕ್ಸೆಲ್ ಲೆಕ್ಕವನ್ನೇ ಹೇಳಿದರು. ನಮ್ಮ ಚಿಂತೆ ಬೇರೆ. ಒಳಕೋಣೆಯಲ್ಲಿ ಬೆಳಕು ಕಡಿಮೆ. ಫ್ಲ್ಯಾಶ್ ಹೊಡೆದರೆ ಮುಖದ ಸಹಜ ಕಳೆ ಹೋಗುತ್ತದೆ. ಕ್ಯಾಮೆರಾದ ಜೊತೆ ಸಾಮಾನ್ಯವಾಗಿ ಬರುವ 18-55 ಮಿ.ಮೀ. ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಅದು ಎಫ್ 5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. 50 ಮಿ.ಮೀ. ಎಫ್ 1.8 ಲೆನ್ಸ್ ಅದರ 9 ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಆದ್ದರಿಂದ ಮೊದಲು ಲೆನ್ಸ್, ಆಮೇಲೆ ಕ್ಯಾಮೆರಾ ಎಂದು ತೀರ್ಮಾನಿಸಿದೆವು.

ಛಾಯಾಗ್ರಾಹಕರು ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿದ್ದಾರೆ. ನಿಕಾನ್ ಕಂಪೆನಿ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಹೊರತಂದಿಲ್ಲ. ಅವರು ಮಾರಿದ ಹಳೆಯ ಕ್ಯಾಮೆರಾಗಳು ನಮ್ಮಂಥವರ ಕೈಗೆಟುಕುತ್ತವೆ. ಕೊನೆಗೆ ಎರಡು ಉಳಿದವು: 2018ರ ಡಿ3500 ಮತ್ತು 2015ರ ಡಿ7200. ಎರಡೂ 24 ಮೆಗಾಪಿಕ್ಸೆಲ್‌ನವೇ. ಮೊದಲನೆಯದು ಹಗುರ, ಹೊಸತು. ಆದರೆ ಅದರೊಳಗೆ ಫೋಕಸ್ ಮೋಟಾರ್ ಇಲ್ಲ. ಕಡಿಮೆ ಬೆಲೆಗೆ ಸಿಗುವ ಹಳೆಯ 50 ಮಿ.ಮೀ. 'ಡಿ' ಲೆನ್ಸನ್ನು ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಡಿ7200ರಲ್ಲಿ ಮೋಟಾರ್ ಇದೆ. ಮೇಲಾಗಿ ಎರಡು ಮೆಮರಿ ಕಾರ್ಡ್ ಹಾಕಬಹುದು. ಒಂದೇ ಚಿತ್ರ ಎರಡರಲ್ಲೂ ದಾಖಲಾಗುತ್ತದೆ. ಮದರಂಗಿಯ ರಾತ್ರಿ ಮತ್ತೊಮ್ಮೆ ಬರುವುದಿಲ್ಲ. ಕಾರ್ಡ್ ಕೈಕೊಟ್ಟರೆ ಮದುಮಗಳಿಗೆ ಏನೆಂದು ಉತ್ತರಿಸುವುದು?

ಶಟರ್ ಎಷ್ಟು ಬಾರಿ ಓಡಿದೆ ಎಂದು ಪರೀಕ್ಷಿಸಿ, ಬಳಸಿದ ಡಿ7200 ಮತ್ತು ಹಳೆಯ 50 ಮಿ.ಮೀ. ಲೆನ್ಸನ್ನೇ ಕೊಂಡೆವು. ಇದರ ಸೆನ್ಸರ್ ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ ಸುಮಾರು 75 ಮಿ.ಮೀ. ಲೆನ್ಸಿನಷ್ಟು ಹತ್ತಿರ ತೋರಿಸುತ್ತದೆ. ಒಂದು ಮುಖಕ್ಕೆ ಅದು ಚೆನ್ನ. ಇಡೀ ಬಳಗ ಬೇಕೆಂದರೆ ನಾವು ಗೋಡೆಗೆ ಬೆನ್ನು ತಾಗಿಸಿ ನಿಲ್ಲಬೇಕು.

ಒಂದು ನಿಯಮವನ್ನೂ ಮಾಡಿಕೊಂಡೆವು. ಕೆಲಸ ಮುಗಿದೊಡನೆ ಎರಡೂ ಕಾರ್ಡ್ ಮದುಮಗಳ ಕೈಗೆ. ಪ್ರತಿ ನಮ್ಮಲ್ಲಿ ಉಳಿಯುವುದಿಲ್ಲ. ನಮ್ಮೆದುರು ಸೆರಗು ಸರಿಸಿ ನಕ್ಕವರ ಮುಖ ನಮ್ಮ ಬಳಿಯಿರುವ ಅಮಾನತು. ಅದನ್ನು ಹಾಗೆಯೇ ಹಿಂದಿರುಗಿಸಬೇಕು.